ಅಂಟಿಸಿದ ನಾಲ್ಕು ಪುಟ

ಸಕಾತಾ,
1994 ಸೆಪ್ಟೆಂಬರ್ 20

ತೋಮಿ,

ಈ ಅಕ್ಷರ ನನ್ನದಲ್ಲ, ನನ್ನ ಮಗಳು ಸಯೊಕೊಳದ್ದು. ಆರು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಬಂದ ಕಾಗದವನ್ನೂ ಅವಳೇ ಓದಿ ಹೇಳುತ್ತಾಳೆ. ಇದು ನಿನಗೆ ಮೊದಲೇ ಗೊತ್ತಿರಲಿ.

ಅಂಧರ ಗ್ರಂಥಾಲಯದಿಂದ ಹೋದ ವಾರ ಕ್ಯಾಸೆಟ್ಟಿನ ಪೆಟ್ಟಿಗೆ ಬಂತು. ಗುಂಡಿ ಒತ್ತಿದರೆ ಒಂದು ಹೆಣ್ಣು ದನಿ, ‘ಅಲೆಯ ಈಚೆ. ಬರೆದವರು ಸುಗಾಯ ತೊರಾಜೊ. ಓದುವವರು ಓಕಾಬೆ ತೋಮಿಯೆ’ ಎಂದಿತು. ನಿನ್ನ ಗಂಡನ ಮನೆಯ ಹೆಸರು ನನಗೆ ಗೊತ್ತಿರಲಿಲ್ಲ. ಆದರೆ ಮದುವೆಯಾದರೆ ಗಂಟಲು ಬದಲಾಗುತ್ತದೆಯೇ? ಎರಡನೆಯ ಸಾಲಿಗೇ ನೀನೆಂದು ತಿಳಿಯಿತು. ವಿಳಾಸ ಗ್ರಂಥಾಲಯದವರು ಕೊಟ್ಟರು.

ರೇಷ್ಮೆ ಗಿರಣಿಯಲ್ಲಿ ನಾವಿದ್ದ ಕೋಣೆ ನೆನಪಿದೆಯೇ? ಬಿಸಿನೀರಿಗೆ ಗೂಡು ಅದ್ದಿ ನೂಲು ಬಿಚ್ಚಿ ಬಿಚ್ಚಿ ನನ್ನ ಬೆರಳ ತುದಿಯೆಲ್ಲ ಸುಲಿದು, ಪುಟ ತಿರುಗಿಸಲು ಆಗುತ್ತಿರಲಿಲ್ಲ. ಬಾಡಿಗೆ ಪುಸ್ತಕದಂಗಡಿಯಿಂದ ಸುಗಾಯ ಮೇಷ್ಟ್ರ ಕಾದಂಬರಿ ತಂದು ನೀನು ಓದುತ್ತಿದ್ದೆ. ಎಂಟು ಹುಡುಗಿಯರು ಹೊದಿಕೆಯಿಂದ ಮೂಗು ಮಾತ್ರ ಹೊರಗಿಟ್ಟು ಕೇಳುತ್ತಿದ್ದೆವು.

ಈಗ ಮತ್ತೆ ಕೇಳಿದರೆ ನಗು ಬರುತ್ತದೆ. ‘ಅಲೆಯ ಈಚೆ’ಯಲ್ಲಿ ಆ ಬೆಸ್ತರ ಹೆಂಗಸು ಒಲೆ ಹಚ್ಚಿ ಗಂಡನಿಗೆ ನಾಲ್ಕು ಮಾತು ಹೇಳುವಷ್ಟರಲ್ಲಿ ಅನ್ನ ಆಗಿಬಿಡುತ್ತದೆ. ಮೇಷ್ಟ್ರು ಜನ್ಮದಲ್ಲಿ ಒಮ್ಮೆಯೂ ಅಕ್ಕಿ ತೊಳೆದವರಲ್ಲ. ಹತ್ತೊಂಬತ್ತರ ಹರೆಯದಲ್ಲಿ ನಾವು ಇದಕ್ಕೆ ಅತ್ತಿದ್ದೆವು.

ಇದು ಮುಗಿಯಿತು. ಮುಂದೆ ‘ಹಿಮದ ಬೇಲಿ’ ಓದು.

ಫುಕಿ


ಸೆಂದಾಯ್,
1994 ಅಕ್ಟೋಬರ್ 3

ಪ್ರೀತಿಯ ಫುಕಿ,

ಬೀದಿಯ ಮರಗಳು ಹಳದಿಗೆ ತಿರುಗುತ್ತಿವೆ. ಬೆಳಿಗ್ಗೆ ಬಾಗಿಲು ತೆರೆದರೆ ಕುತ್ತಿಗೆಗೆ ಚಳಿ. ಅಲ್ಲಿ ಕಡಲ ಗಾಳಿ ಇನ್ನೂ ಜೋರಿರಬೇಕು, ಮೈ ಕಡೆ ನೋಡಿಕೋ.

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಎರಡು ಸಲ ಓದಿದೆ. ಮೂವತ್ತೈದು ವರ್ಷ. ಎಷ್ಟೋ ಸಲ ಬರೆಯಲು ಕೂತಿದ್ದೆ, ವಿಳಾಸ ಇರಲಿಲ್ಲ. ಕಣ್ಣಿನ ವಿಷಯ ತಿಳಿದು ಸಂಕಟವಾಯಿತು.

ನಾನು ಈ ಓದುವ ಕೆಲಸಕ್ಕೆ ಸೇರಿ ಹದಿನೈದು ವರ್ಷ. ಸಂಬಳವಿಲ್ಲ, ಆದರೆ ಕಟ್ಟುನಿಟ್ಟಿಗೆ ಕೊರತೆಯಿಲ್ಲ. ಒಂದಕ್ಷರ ಬಿಡುವಂತಿಲ್ಲ, ಒಂದಕ್ಷರ ಸೇರಿಸುವಂತಿಲ್ಲ, ಅಳುವ ಕಡೆ ಅಳುವಂತಿಲ್ಲ. ಹಿಂಬದಿಯ ಬೆಲೆಯನ್ನೂ ಓದಬೇಕು. ಓದಿದ ಮೇಲೆ ಇನ್ನೊಬ್ಬರು ಅದೇ ಪ್ರತಿಯನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ. ನನ್ನದನ್ನು ಕೇಳುವ ಹಿರಾಯಿ ಎನ್ನುವ ಮುದುಕರು ನಾನು ಉಗುಳು ನುಂಗಿದ ಕಡೆಯೂ ಕೆಂಪು ಗೆರೆ ಎಳೆಯುತ್ತಾರೆ.

ಗಟ್ಟಿಯಾಗಿ ಓದಿದಾಗ ಮೇಷ್ಟ್ರ ಬಂಡವಾಳ ಬಯಲಾಗುತ್ತದೆ, ನೀನು ಹೇಳಿದ್ದು ಸರಿ. ಅವರ ಹೆಂಗಸರಿಗೆಲ್ಲ ಒಂದೇ ನಿಟ್ಟುಸಿರು. ಮೂರು ಅಧ್ಯಾಯಕ್ಕೆ ಒಬ್ಬಳು ಸಾಯಲೇಬೇಕು. ಆದರೂ ಬಂದರಿನ ಬೆಳಗು ಬಂದಾಗ ಒಂದು ಸಾಲನ್ನು ಬೇಕೆಂದೇ ನಿಧಾನವಾಗಿ ಓದಿದೆ, ಅದಕ್ಕೂ ಒಂದು ಕೆಂಪು ಗೆರೆ ಬಿತ್ತು.

ಹಿಮದ ಬೇಲಿ ಬೇಡವೆನಿಸುತ್ತದೆ. ಗ್ರಂಥಾಲಯದ ಪ್ರತಿ ಹಳೆಯದು, ಅಕ್ಷರ ಸಣ್ಣದು. ಕೊನೆಗಾಲದಲ್ಲಿ ಅವರು ಬರೆದ ಪ್ರವಾಸದ ಪುಸ್ತಕ ಚೆನ್ನಾಗಿದೆ, ಅದನ್ನು ಓದಲೇ?

ಸಯೊಕೊಗೆ ನನ್ನ ಆಶೀರ್ವಾದ. ಎಂಟು ದಿನದ ಕೂಸಾಗಿದ್ದಾಗ ಅವಳನ್ನು ಎತ್ತಿಕೊಂಡವಳು ನಾನು.

ನಿನ್ನ
ತೋಮಿಯೆ


ಸಕಾತಾ,
1994 ಅಕ್ಟೋಬರ್ 11

ತೋಮಿ,

ಪ್ರವಾಸದ ಪುಸ್ತಕ ನೀನೇ ಓದಿಕೋ. ಹಿಮದ ಬೇಲಿ ಬೇಕೆಂದು ಗ್ರಂಥಾಲಯಕ್ಕೆ ಚೀಟಿ ಕಳಿಸಿದ್ದಾಗಿದೆ. ಓದುವವರು ಯಾರಿರಬೇಕು ಎನ್ನುವ ಕಡೆ ನಿನ್ನ ಹೆಸರೇ ಬರೆಸಿದ್ದೇನೆ.

ವಿಳಾಸ ಇರಲಿಲ್ಲ ಎಂದಿದ್ದೀಯ. ಗಿರಣಿ ಬಿಟ್ಟು ಸೋದರತ್ತೆಯ ಮನೆಗೆ ಬಂದ ದಿನ ನನ್ನ ಟ್ರಂಕನ್ನು ಈ ಓಣಿಯವರೆಗೆ ಹೊತ್ತವಳು ನೀನು. ಓಣಿಯೂ ಅದೇ, ನಾನೂ ಇಲ್ಲೇ ಇದ್ದೇನೆ.

ಸಯೊಕೊಳ ಮನೆ ಎದುರಿಗೇ. ಅವಳ ಮಗಳು ಮಿಹೊಗೆ ಹದಿನೈದು, ಅಮ್ಮನ ಜೊತೆ ಬಂದಾಗ ಎರಡು ನಿಮಿಷ ಕೂರುತ್ತಾಳೆ. ಮೊನ್ನೆ ನಿನ್ನ ಕ್ಯಾಸೆಟ್ ಕೇಳಿ, ‘ಅಜ್ಜಿ, ಈ ಹೆಂಗಸ್ರಿಗೆಲ್ಲ ಮಾಡೋಕೆ ಕೆಲ್ಸ ಇಲ್ವಾ, ಯಾವಾಗ್ಲೂ ದೀಪ ನೋಡ್ಕೊಂಡು ಕೂತಿರ್ತಾರೆ’ ಅಂದಳು. ಮೇಷ್ಟ್ರು ಬದುಕಿದ್ದಾಗ ಇಂಥ ಓದುವವಳೊಬ್ಬಳು ಸಿಕ್ಕಿದ್ದರೆ ಚೆನ್ನಾಗಿತ್ತು.

ಫುಕಿ


ಸೆಂದಾಯ್,
1994 ಡಿಸೆಂಬರ್ 14

ಪ್ರೀತಿಯ ಫುಕಿ,

ನಿನ್ನೆ ಮೊದಲ ಹಿಮ ಬಿತ್ತು. ವರ್ಷದ ಕೊನೆ, ಮನೆ ಗುಡಿಸುವುದು, ಕಿಟಕಿಯ ಕಾಗದ ಬದಲಿಸುವುದು, ಒಂದಕ್ಕೂ ಕೈ ಏಳುತ್ತಿಲ್ಲ.

ಹಿಮದ ಬೇಲಿ ಮುಗಿಯಿತು, ಹನ್ನೊಂದು ಕ್ಯಾಸೆಟ್ಟು. ಹಿರಾಯಿಯವರು ಈ ಸಲ ಎರಡೇ ಗೆರೆ ಎಳೆದರು. ಹುಷಾರಾಗಿ ಓದಿದ್ದೇನೆ. ಪುಸ್ತಕ ನಾವು ನೆನೆಸಿಕೊಳ್ಳುವಷ್ಟು ದೊಡ್ಡದಲ್ಲ. ಕೇಳಿ ಮುಗಿಸಿ ಮರೆತುಬಿಡು.

ಹೊಸ ವರ್ಷ ಎಲ್ಲರಿಗೂ ಸುಖ ತರಲಿ.

ನಿನ್ನ
ತೋಮಿಯೆ


ಸಕಾತಾ,
1995 ಜನವರಿ 8

ತೋಮಿ,

ಇದು ನನ್ನದೇ ಕೈ. ರಟ್ಟಿನ ಪಟ್ಟಿಯನ್ನು ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬಿದ್ದಿದ್ದರೆ ಬೆಳಕಿಗೆ ಹಿಡಿದು ಓದು. ಹವಾಮಾನದ ಮಾತು ಬಿಟ್ಟಿದ್ದೇನೆ.

ಹಿಮದ ಬೇಲಿಯನ್ನು ನಾನು ಒಬ್ಬಳೇ ಕೇಳಬೇಕೆಂದಿದ್ದೆ. ಆ ನಾಲ್ಕು ಪುಟ ಬಂದಾಗ ನಿನ್ನ ದನಿ ಏನಾಗುತ್ತದೆ ಎಂದು ಕೇಳುವ ಆಸೆ, ಅಷ್ಟೇ. ಹೊಸ ವರ್ಷದ ಮೂರನೆಯ ದಿನ ಕಿವಿಗೆ ಸಿಕ್ಕಿಸುವ ವೈರು ಕೆಟ್ಟಿತ್ತು. ಸಯೊಕೊ ಪಕ್ಕದಲ್ಲಿ ಅಕ್ಕಿ ಕಡುಬು ಸುಡುತ್ತಿದ್ದಳು. ಇರಲಿ ಬಿಡು, ಅವಳಿಗೇನು ಗೊತ್ತು ಎಂದುಕೊಂಡು ಹಾಗೇ ಹಾಕಿದೆ. ಏಳನೆಯ ಕ್ಯಾಸೆಟ್ಟಿನಲ್ಲಿ ಗಿರಣಿಯ ಹುಡುಗಿ ಫುಮಿ, ಬಸುರಿ, ಕೆಲಸ ಬಿಟ್ಟು ಬಾಗಿಲು ದಾಟಿದಳು. ಮುಂದಿನ ಉಸಿರಿಗೆ ಚಳಿಗಾಲ ಕಳೆದು ಮಗು ಹುಟ್ಟಿಬಿಟ್ಟಿತು.

‘ಅಮ್ಮಾ, ಇಲ್ಲಿ ಸಮುದ್ರದ್ದು ಬರ್ಬೇಕಿತ್ತು, ಬಿಟ್ಬಿಟ್ಟಿದಾರೆ’ ಅಂದಳು ಸಯೊಕೊ. ಕಡುಬು ಸೀದ ವಾಸನೆ ಬಂತು.

ಅವಳು ಆ ಪುಸ್ತಕ ಓದಿದ್ದಾಳೆ, ತೋಮಿ. ಹದಿನೇಳರಲ್ಲಿ, ಶಾಲೆಯ ಪುಸ್ತಕದ ಕೋಣೆಯಲ್ಲಿ ಕೂತು. ಫುಮಿಯ ಎಡ ಮುಂಗೈ ಮೇಲೆ ಬಿಸಿನೀರು ಬಿದ್ದ ಕಲೆ, ಎಲೆಯ ಆಕಾರದ್ದು. ನನ್ನ ಕೈ ಮೇಲೆ ಅದನ್ನು ದಿನಾ ನೋಡಿ ಬೆಳೆದವಳು ಅವಳು. ಇಪ್ಪತ್ತೊಂದು ವರ್ಷ ಬಾಯಿ ಬಿಟ್ಟಿಲ್ಲ.

ಆ ಪುಟಗಳಲ್ಲಿ ಏನಿದೆ ಎಂದು ನಿನಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ಫುಮಿ ಮೇಲಂಗಿಯ ಚೀಲದಂಥ ತೋಳುಗಳಲ್ಲಿ ಕಲ್ಲು ತುಂಬಿಕೊಂಡು, ಹೊಟ್ಟೆಯ ಕೂಸಿನ ಸಮೇತ ಸಾಯಲು ಸಮುದ್ರಕ್ಕೆ ಇಳಿಯುತ್ತಾಳೆ. ಸೊಂಟದ ಮಟ್ಟ ನೀರು ಬಂದಾಗ ಸುಟ್ಟ ಗೆಣಸು ಮಾರುವವನ ಕೂಗು ಕೇಳಿ, ಹಸಿವು ತಾಳಲಾರದೆ ತಿರುಗಿ ಬರುತ್ತಾಳೆ. ಈ ಕಾದಂಬರಿ ಮೊದಲು ಪತ್ರಿಕೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಬರುತ್ತಿತ್ತು. ನನ್ನ ಅತ್ತೆ, ಗಂಡನ ತಾಯಿ, ಓದುತ್ತಿದ್ದರು. ನನ್ನ ಗಂಡ ಗೆಂಕಿಚಿಗೆ ಸಯೊಕೊ ತನ್ನ ಮಗಳಲ್ಲವೆಂದು ಗೊತ್ತಿತ್ತು, ಗೊತ್ತಿದ್ದೇ ಕೈ ಹಿಡಿದ. ಅತ್ತೆಗೂ ಗೊತ್ತಿತ್ತು. ಆದರೆ ಆ ಅಧ್ಯಾಯ ಬಂದ ದಿನ ಪತ್ರಿಕೆ ನನ್ನ ಮುಂದಿಟ್ಟು, ‘ಬಸುರಿ ಆಗಿದ್ದು ತಪ್ಪು ಅಂತ ನಾನಂದಿಲ್ಲ. ಹೊಟ್ಟೇಲಿರೋ ಕೂಸನ್ನ ನೀರಿಗೆ ಹಾಕೋಕೆ ಹೋದೋಳ ಕೈಗೆ ಈ ಮನೆ ಮಕ್ಕಳನ್ನ ಹೆಂಗೆ ಕೊಡಲಿ?’ ಅಂದರು. ಸಯೊಕೊಳನ್ನು ಎತ್ತಿಕೊಂಡು ಸೋದರತ್ತೆಯ ಮನೆಗೆ ವಾಪಸು ಹೊರಟೆ. ಗೆಂಕಿಚಿ ಬಾಗಿಲವರೆಗೆ ಬಂದ, ಅಷ್ಟೇ.

ಗೆಣಸಿನ ವಿಷಯ ನಾನು ನಿನಗೊಬ್ಬಳಿಗೇ ಹೇಳಿದ್ದು. ನೀನು ಮೇಷ್ಟ್ರಿಗೆ ಕಾಗದ ಬರೆಯುತ್ತಿದ್ದೆ ಎಂದೂ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪುಟ ಹಾರಿಸಿ ನೀನೇ ಒಪ್ಪಿಕೊಂಡಿದ್ದೀಯ. ಅದು ಹೋಗಲಿ. ಕಲ್ಲು ಎಲ್ಲಿಂದ ಬಂತು? ನಾನು ತೋಳಿನಲ್ಲಿ ಕಲ್ಲು ತುಂಬಲಿಲ್ಲ, ನೀರಿಗೆ ಇಳಿಯಲಿಲ್ಲ.

ಮಗಳಿಗೆ ಹೇಳಿದೆ. ‘ಹೂಂ ಅಮ್ಮ’ ಅಂದಳು. ಆ ಹೂಂ ನನಗೆ ಗೊತ್ತು. ಕಣ್ಣು ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ನಾನೂ ಹಾಗೇ ಹೂಂ ಅಂದಿದ್ದೆ. ಅಚ್ಚಾದದ್ದರ ಮುಂದೆ ತಾಯಿಯ ಮಾತು ಎಷ್ಟರದು?

ಈಗ ಒಂದೊಂದೇ ಅರ್ಥವಾಗುತ್ತಿದೆ. ಮಿಹೊ ಹುಟ್ಟಿ ಇಷ್ಟು ವರ್ಷದಲ್ಲಿ ಸಯೊಕೊ ಅವಳನ್ನು ನನ್ನ ಹತ್ತಿರ ಒಂದು ಗಂಟೆಯೂ ಒಬ್ಬಳೇ ಬಿಟ್ಟಿಲ್ಲ. ಎದುರು ಮನೆ, ಕರೆದರೆ ಕೇಳುತ್ತದೆ. ನನ್ನ ಕಣ್ಣಿನ ದೆಸೆಯಿಂದ ಎಂದುಕೊಂಡಿದ್ದೆ. ಆದರೆ ಆ ಮಗು ಹುಟ್ಟಿದಾಗ ನನಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುತ್ತಿತ್ತು.

ನಡೆದದ್ದು ಗೊತ್ತಿರುವವಳು ನೀನೊಬ್ಬಳೇ. ಬರೆ. ನೀನು ಬರೆದದ್ದನ್ನು ಸಯೊಕೊ ಗಟ್ಟಿಯಾಗಿ ಓದುತ್ತಾಳೆ, ಅದು ತಿಳಿದೇ ಬರೆ.

ಫುಕಿ


ಸೆಂದಾಯ್,
1995 ಜನವರಿ 22

ಪ್ರೀತಿಯ ಫುಕಿ,

ಚಳಿ ಹೇಳತೀರದು. ಅದರ ಮೇಲೆ ಕೋಬೆಯ ಭೂಕಂಪದ ಸುದ್ದಿ. ದಿನವಿಡೀ ಟಿವಿ ಮುಂದೆ ಕೂತಿರುತ್ತೇನೆ. ಸಾವಿರಾರು ಜನ ಮನೆ ಕಳೆದುಕೊಂಡಿರುವಾಗ ಒಂದು ಹಳೆಯ ಕಾದಂಬರಿಯ ಬಗ್ಗೆ ಬರೆಯುವುದಕ್ಕೇ ನಾಚಿಕೆ.

ನಾನು ಮೇಷ್ಟ್ರಿಗೆ ಕಾಗದ ಬರೆದದ್ದು ನಿಜ. ಆ ವಯಸ್ಸಿನಲ್ಲಿ ಯಾರು ಬರೆಯಲಿಲ್ಲ? ಗಿರಣಿಯ ಸಂಗತಿ ತಿಳಿಸಿದಾಗ ನಿನ್ನ ಮಾತೂ ಒಂದೆರಡು ಬಂದಿರಬೇಕು. ಹೆಸರು ಬರೆದ ನೆನಪಿಲ್ಲ. ಕಲ್ಲಿನ ಸಂಗತಿಯನ್ನು ಮೇಷ್ಟ್ರು ಸೇರಿಸಿರಬಹುದು. ಕತೆಗಾರರು ಹಾಗೇ ಅಲ್ಲವೇ, ಗುಬ್ಬಿಯನ್ನು ಕೊಟ್ಟರೆ ಹದ್ದು ಮಾಡುತ್ತಾರೆ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು, ಈಗ ಕೇಳುವುದಾದರೂ ಯಾರನ್ನು?

ಪುಟಗಳನ್ನು ಬಿಟ್ಟದ್ದು ನಿನಗೆ ನೋವಾಗದಿರಲಿ ಎಂದು.

ನಿನ್ನ
ತೋಮಿಯೆ


ಸಕಾತಾ,
1995 ಫೆಬ್ರವರಿ 2

ತೋಮಿ,

ಇದೂ ನನ್ನ ಕೈ.

ನಿನ್ನ ಕಾಗದವನ್ನು ಸಯೊಕೊ ಓದಿದಳು. ‘ಸೇರಿಸಿರಬಹುದು’ ಅನ್ನುವಲ್ಲಿ ನಿಂತಳು. ‘ಇರಬಹುದು ಅಂದ್ರೇನಮ್ಮಾ, ಹೌದಾ ಅಲ್ವಾ?’ ಅಂದಳು. ಕಾಗದ ಮಡಚಿ ಅವಳ ಮನೆಗೆ ಹೋದಳು.

ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಸತ್ತವರ ಮೇಲೆ ಗೂಬೆ ಕೂರಿಸಬೇಡ. ಮೇಷ್ಟ್ರಿಗೆ ಕಲ್ಲು ಬೇಕಿತ್ತು ಎಂದರೆ ನಂಬುತ್ತೇನೆ, ಅವರ ಹೆಂಗಸರು ಸುಮ್ಮನೆ ಬದುಕಿದ್ದೇ ಇಲ್ಲ. ಆದರೆ ಆ ನಾಲ್ಕು ಪುಟದಲ್ಲಿ ಒಂದು ನಿಟ್ಟುಸಿರೂ ಇಲ್ಲ, ದೀಪವೂ ಇಲ್ಲ. ಗೆಣಸಿನ ಸಿಪ್ಪೆ ಉಗುರಿನ ಸಂದಿಯಲ್ಲಿ ಕಪ್ಪಾಗಿ ನಿಲ್ಲುವುದು ಇದೆ. ಅದು ಅನ್ನ ಬೇಯುವ ಹೊತ್ತು ತಿಳಿಯದವರ ಬರವಣಿಗೆಯಲ್ಲ. ಪತ್ರಿಕೆಯಲ್ಲಿ ಓದಿದ ದಿನವೇ ನನಗೆ ನಿನ್ನ ದನಿ ಕೇಳಿಸಿತ್ತು. ಹೊಟ್ಟೆ ಉರಿಯುವುದು ಯಾಕೆ ಗೊತ್ತೇ? ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಬೇರೆ ಯಾರೂ ಇಲ್ಲ.

ಕ್ಷಮಿಸು ಎಂದು ಬರೆಯಬೇಡ. ನಡೆದದ್ದನ್ನು ಬರೆ.

ಫುಕಿ


ಸೆಂದಾಯ್,
1995 ಫೆಬ್ರವರಿ 26

ಸಯೊಕೊ,

ಇದು ನಿನಗೆ ಬರೆದದ್ದು. ಅಮ್ಮನ ಮುಂದೆ ಕೂತು ಗಟ್ಟಿಯಾಗಿ ಓದು.

ಕಲ್ಲುಗಳನ್ನು ತುಂಬಿಸಿದ್ದು ನಾನು.

1956ರ ಅಕ್ಟೋಬರ್. ನಿನ್ನ ಅಮ್ಮನಿಗೆ ಆರು ತಿಂಗಳು. ಹೊಟ್ಟೆಗೆ ಬಟ್ಟೆ ಬಿಗಿದು ಕೆಲಸ ಮಾಡುತ್ತಿದ್ದಳು. ಒಂದು ರಜಾ ದಿನ ಮಧ್ಯಾಹ್ನ ಕಾಣೆಯಾಗಿ, ಸಂಜೆ ಮರಳಿ ಬಂದು ನನ್ನ ಪಕ್ಕ ಕೂತಳು. ಆಗ ಅವಳು ಹೇಳಿದ್ದು ಇಷ್ಟು: ‘ಗಿರಣಿಯ ಹುಳದ ವಾಸನೆ ತಡೆಯೋಕಾಗ್ಲಿಲ್ಲ ಕಣೇ, ಸಮುದ್ರದ ಕಡೆ ಹೋದೆ. ದಾರೀಲಿ ಸುಟ್ಟ ಗೆಣಸು ತಗೊಂಡೆ. ಮರಳ ಮೇಲೆ ಕೂತು ಬಟ್ಟೆ ಬಿಚ್ಚಿ ಹೊಟ್ಟೆ ಸಡಿಲ ಮಾಡ್ಕೊಂಡು ತಿಂದೆ. ಅರ್ಧ ತಿಂದಿದ್ನೋ ಇಲ್ವೋ, ಇದು ಒದೀತು ನೋಡು. ಮೊದಲ್ನೇ ಸಲ. ಇನ್ನರ್ಧ ಅದರ ಪಾಲು ಅಂತ ತಿಂದೆ.’ ನಗುತ್ತಿದ್ದಳು. ಕಲ್ಲಿಲ್ಲ, ನೀರಿಲ್ಲ.

ಇದನ್ನು ಇದ್ದ ಹಾಗೇ ಸುಗಾಯ ಮೇಷ್ಟ್ರಿಗೆ ಬರೆದೆ, ಕೈ ಮೇಲಿನ ಕಲೆಯ ಸಮೇತ. ಅವರಿಂದ ಒಂದು ಕಾರ್ಡು ಬಂತು. ಇವತ್ತಿಗೂ ನನ್ನ ಹತ್ತಿರ ಇದೆ, ಇದರ ಜೊತೆ ಇಟ್ಟಿದ್ದೇನೆ. ‘ಗೆಣಸು ಚೆನ್ನಾಗಿದೆ. ನಿಮಗೆ ನೋಡುವ ಕಣ್ಣಿದೆ. ಆದರೆ ಬರೀ ಗೆಣಸು ತಿನ್ನಲು ಯಾರೂ ಅಷ್ಟು ದೂರ ಹೋಗುವುದಿಲ್ಲ. ಆ ಹುಡುಗಿ ನಿಜವಾಗಿ ಯಾಕೆ ಹೋದಳು, ಕೇಳಿ ತಿಳಿಸಿ.’

ನಾನು ಕೇಳಲಿಲ್ಲ. ಅವಳು ಏನು ಹೇಳುತ್ತಾಳೆಂದು ಗೊತ್ತಿತ್ತು, ಅದು ಮೇಷ್ಟ್ರಿಗೆ ಬೇಕಾದದ್ದಲ್ಲ ಎಂದೂ ಗೊತ್ತಿತ್ತು. ಅವರಿಂದ ಇನ್ನೊಂದು ಕಾರ್ಡು ಬರಬೇಕಿತ್ತು ನನಗೆ. ಎಡ ತೋಳಿಗೆ ಎರಡು, ಬಲ ತೋಳಿಗೆ ಎರಡು ಕಲ್ಲು ಹಾಕಿ, ಸೊಂಟದವರೆಗೆ ನೀರಿಗಿಳಿಸಿ ಬರೆದು ಕಳಿಸಿದೆ. ಬರೆಯುವಾಗ ನನಗೆ ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ. ಎರಡನೆಯ ಕಾರ್ಡು ಬರಲೇ ಇಲ್ಲ. ಮೂರು ವರ್ಷದ ಮೇಲೆ ಪತ್ರಿಕೆಯಲ್ಲಿ ನನ್ನ ಸಾಲುಗಳು ಬಂದವು, ಒಂದು ಚುಕ್ಕೆಯೂ ಬದಲಾಗದೆ. ಅಂಗಡಿಯಲ್ಲಿ ನಿಂತು ಹತ್ತು ಸಲ ಓದಿದೆ. ಫುಕಿಗೆ ಏನಾದೀತು ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಅವಳನ್ನು ಗಂಡನ ಮನೆಯಿಂದ ಕಳಿಸಿದ ಸುದ್ದಿ ತಿಂಗಳೊಳಗೆ ಗಿರಣಿಗೆ ಬಂತು. ವಿಳಾಸ ಇತ್ತು. ಬರೆಯಲು ಧೈರ್ಯ ಇರಲಿಲ್ಲ.

ಈ ಸಲ ಆ ಪುಟಕ್ಕೆ ಬಂದಾಗ ಬಾಯಿ ತೆರೆಯಲಿಲ್ಲ. ಮೂರು ಹಾಳೆಗಳ ಅಂಚಿಗೆ ಅನ್ನದ ಅಂಟು ಹಚ್ಚಿ ಒಂದೇ ಹಾಳೆ ಮಾಡಿದೆ, ಒಳಗಿನ ನಾಲ್ಕು ಪುಟ ಅಡಗಿದವು. ಹಿರಾಯಿಯವರ ಕೈಗೆ ಹೋದದ್ದು ಅದೇ ಪ್ರತಿ. ಓದುವಲ್ಲಿ ತಪ್ಪಿಲ್ಲವೆಂದು ಸಹಿ ಹಾಕಿದರು. ಹೋದ ವಾರ ಹೋಗಿ ಎಲ್ಲ ಹೇಳಿದೆ. ಒದ್ದೆ ಬಟ್ಟೆ ಇಟ್ಟು ಹಾಳೆ ಬಿಡಿಸಿದರು, ಒಂದು ಹರಿಯಿತು. ಓದುವವರ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಹಿರಾಯಿಯವರು ತಲೆ ಎತ್ತಿ ನೋಡಲಿಲ್ಲ.

ನಿನ್ನ ಅಮ್ಮ ಯಾವತ್ತೂ ನಿನ್ನನ್ನು ಸಾಯಿಸಲು ಹೋಗಿರಲಿಲ್ಲ, ಸಯೊಕೊ.

ಓಕಾಬೆ ತೋಮಿಯೆ


ಸಕಾತಾ,
1995 ಮಾರ್ಚ್ 19

ಓಕಾಬೆ ತೋಮಿಯೆ ಅವರಿಗೆ,

ನಿಮ್ಮ ಕಾಗದವನ್ನು ನೀವು ಹೇಳಿದಂತೆ ಅಮ್ಮನ ಮುಂದೆ ಗಟ್ಟಿಯಾಗಿ ಓದಿದೆ. ಒಂದಕ್ಷರ ಬಿಡಲಿಲ್ಲ. ಕೂಸು ಒದ್ದ ಕಡೆ ಅಮ್ಮ, ‘ಎಡಗಡೆ, ಪಕ್ಕೆ ಹತ್ರ’ ಅಂದಳು. ನಿಮಗೆ ತಿಳಿಸಬೇಕಾದ ಮಾತು ಏನೂ ಇಲ್ಲವೆಂದಳು. ಆದ್ದರಿಂದ ಇದು ನಾನು ಬರೆಯುತ್ತಿರುವ ಕಾಗದ.

ಮಿಹೊ ಹುಟ್ಟಿ ಹದಿನಾಲ್ಕನೆಯ ದಿನ ನಾನು ಆಸ್ಪತ್ರೆಯಿಂದ ಅಮ್ಮನ ಮನೆಗೆ ಬಂದೆ. ಅಮ್ಮ ಹಂಡೆಯಲ್ಲಿ ನೀರು ಕಾಯಿಸಿ, ಮೊಣಕೈ ಅದ್ದಿ ಹದ ನೋಡಿ, ತೋಳು ಮಡಚಿಕೊಂಡು ನಿಂತಿದ್ದಳು. ‘ಕೊಡು ಇಲ್ಲಿ, ಮನೇಲಿ ಮೊದಲ್ನೇ ಸ್ನಾನ ನಾನು ಮಾಡಿಸ್ತೀನಿ’ ಅಂದಳು. ನೀರು ನೋಡಿ ನನಗೆ ಆ ಪುಟ ನೆನಪಾಯಿತು. ಮಗುವಿಗೆ ಶೀತ ಎಂದು ಸುಳ್ಳು ಹೇಳಿದೆ. ಅಮ್ಮ ನೀರು ಆರುವವರೆಗೆ ಕಾದು, ಚರಂಡಿಗೆ ಚೆಲ್ಲಿದಳು. ಎರಡು ದಿನಕ್ಕೆ ನಾನು ನನ್ನ ಮನೆಗೆ ಹೋದೆ. ಆಮೇಲೆ ಅಮ್ಮ ಎತ್ತಿಕೊಳ್ಳಲು ಮಗುವನ್ನು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ನೀವು ಬರೆದದ್ದನ್ನು ನಂಬಿದ್ದು ನಾನು. ಒಂದು ಸಲ ಅಮ್ಮನನ್ನು ಕೇಳಬಹುದಿತ್ತು. ನಿಮ್ಮ ಹಾಗೆ ನಾನೂ ಕೇಳಲಿಲ್ಲ. ಇದನ್ನು ನಿಮ್ಮ ಹೊರೆ ಇಳಿಸಲು ಬರೆಯುತ್ತಿಲ್ಲ.

ಕ್ಯಾಸೆಟ್ಟುಗಳನ್ನು ಗ್ರಂಥಾಲಯಕ್ಕೆ ಕಳಿಸಿದ್ದೇವೆ. ಮೇಷ್ಟ್ರ ಉಳಿದ ಪುಸ್ತಕಗಳು ಬೇಡವೆಂದು ಅಮ್ಮ ಹೇಳಿದ್ದಾಳೆ. ನಿಮ್ಮ ಕಾರ್ಡು ಇದರ ಜೊತೆ ವಾಪಸು ಇದೆ.

ಹೋದ ಭಾನುವಾರ ಮಿಹೊಗೆ ಹದಿನಾರು ತುಂಬಿತು. ‘ಅಜ್ಜಿ ಹತ್ರ ಹೋಗಿ ಕೂತ್ಕೋ, ನಾನು ಬರಲ್ಲ’ ಅಂದೆ. ‘ಯಾಕೆ, ಅಜ್ಜಿಗೆ ಹುಷಾರಿಲ್ವಾ?’ ಅಂದಳು. ಹೋದಳು. ಹತ್ತು ನಿಮಿಷಕ್ಕೆ ಮರಳಿ ಬಂದಳು. ಏನು ಮಾತಾಡಿದಿರಿ ಎಂದು ಕೇಳಿದೆ.

‘ಏನಿಲ್ಲ. ಹುಟ್ಟಿದಾಗ ನಾನೆಷ್ಟು ತೂಕ ಇದ್ದೆ ಅಂತ ಕೇಳಿದ್ರು. ನಂಗೇನು ಗೊತ್ತು, ನೀವೇ ಎತ್ಕೊಂಡಿರ್ತೀರಲ್ಲ ಅಂದೆ.’

ಸಯೊಕೊ